ಪ್ರಮಾಣ ಮುರಿದವರಿಗೆ ಪದವಿ ಇಲ್ಲ: ಅಮೆರಿಕ ಸಂವಿಧಾನದ ದಂಗೆ ನಿಷೇಧ

ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆಂದು ಪ್ರಮಾಣವಚನ ಸ್ವೀಕರಿಸಿ, ಆಮೇಲೆ ಅದರ ವಿರುದ್ಧವೇ ದಂಗೆ ಎದ್ದವರು ಮತ್ತೆ ಅಧಿಕಾರದ ಹುದ್ದೆ ಹಿಡಿಯುವಂತಿಲ್ಲ. ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ 3ನೇ ಸೆಕ್ಷನ್ ಹೇಳುವುದು ಇಷ್ಟೇ. ಇದು ಅಂಗೀಕಾರವಾದದ್ದು 1868ರ ಜುಲೈನಲ್ಲಿ.

ಅಂತರ್ಯುದ್ಧದ ಬೆನ್ನಿಗೆ

ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋಗಿದ್ದ ದಕ್ಷಿಣದ ರಾಜ್ಯಗಳು 1865ರಲ್ಲಿ ಸೋತವು. ಆದರೆ ಕೆಲವೇ ತಿಂಗಳಲ್ಲಿ ಹಳೆಯ ಬಂಡಾಯ ನಾಯಕರನ್ನೇ ಆರಿಸಿ ವಾಷಿಂಗ್ಟನ್‌ಗೆ ಕಳಿಸತೊಡಗಿದವು. ಬಂಡಾಯ ಸರ್ಕಾರದ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸ್‌ನನ್ನು ಜಾರ್ಜಿಯಾ 1866ರಲ್ಲಿ ಸೆನೆಟ್‌ಗೆ ಆರಿಸಿತು. ಸೆನೆಟ್ ಅವನನ್ನು ಒಳಗೆ ಸೇರಿಸಲಿಲ್ಲ.

ಹೊಸ ನಿಯಮ ಸಾಮಾನ್ಯ ಸೈನಿಕನ ತಂಟೆಗೆ ಹೋಗಲಿಲ್ಲ. ಹಿಂದೆ ಶಾಸಕನೋ ನ್ಯಾಯಾಧೀಶನೋ ಅಧಿಕಾರಿಯೋ ಆಗಿ ಪ್ರಮಾಣ ಮಾಡಿದವನು ಮಾತು ಮುರಿದರೆ ಅವನಿಗೆ ಮಾತ್ರ ಈ ತಡೆ. ಇದರಲ್ಲಿ ಜೈಲಿಲ್ಲ, ದಂಡವಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಅನರ್ಹತೆಯನ್ನು ತೆಗೆದುಹಾಕಬಹುದು.

ಅವಸರದ ಕ್ಷಮೆ

ಆ ಕ್ಷಮೆ ತುಂಬ ಬೇಗ ಬಂತು. 1872ರ ಕಾಯ್ದೆ ಬಹುತೇಕರನ್ನು ಮುಕ್ತಗೊಳಿಸಿತು, 1898ರಲ್ಲಿ ಉಳಿದವರ ತಡೆಯೂ ಹೋಯಿತು. ಸ್ಟೀಫನ್ಸ್ 1873ರಲ್ಲಿ ಕೆಳಮನೆಯ ಸದಸ್ಯನಾದ. ದಕ್ಷಿಣದ ಕಪ್ಪು ಜನ ಆಗತಾನೇ ಪಡೆದ ಮತದ ಹಕ್ಕನ್ನು ಕಳೆದುಕೊಳ್ಳುತ್ತ ಹೋದದ್ದೂ ಇದೇ ಕಾಲದಲ್ಲಿ. ಈ ಔದಾರ್ಯದ ಬೆಲೆ ತೆತ್ತವರು ಅವರು.

ಕೊಲರಾಡೊ ಮೊಕದ್ದಮೆ

2021ರ ಜನವರಿ 6ರಂದು ಡೊನಾಲ್ಡ್ ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಮೇಲೆ ಈ ಸೆಕ್ಷನ್ನಿಗೆ ಮತ್ತೆ ಜೀವ ಬಂತು. ಅಂದಿನ ಗುಂಪಿನಲ್ಲಿದ್ದ ನ್ಯೂ ಮೆಕ್ಸಿಕೊದ ಕೌಂಟಿ ಕಮಿಷನರ್ ಕೋಯ್ ಗ್ರಿಫಿನ್ 2022ರಲ್ಲಿ ಕೋರ್ಟಿನ ಆದೇಶದಿಂದ ಹುದ್ದೆ ಕಳೆದುಕೊಂಡರು.

ಕೊಲರಾಡೊದಲ್ಲಿ ಆರು ಮತದಾರರು ಟ್ರಂಪ್ ಹೆಸರನ್ನೇ ಮತಪತ್ರದಿಂದ ಕೈಬಿಡಬೇಕೆಂದು ಕೋರ್ಟಿಗೆ ಹೋದರು. ಅವರಲ್ಲಿ ಮೊದಲ ಹೆಸರು ತೊಂಬತ್ತು ದಾಟಿದ ನಾರ್ಮಾ ಆ್ಯಂಡರ್ಸನ್ ಅವರದು. ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದಿಂದಲೇ ಶಾಸಕಿಯಾಗಿದ್ದವರು. 2023ರ ಡಿಸೆಂಬರ್ 19ರಂದು ರಾಜ್ಯದ ಸುಪ್ರೀಂ ಕೋರ್ಟ್ 4-3 ಬಹುಮತದಿಂದ ಟ್ರಂಪ್ ಅನರ್ಹರೆಂದಿತು.

2024ರ ಮಾರ್ಚ್ 4ರಂದು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕೊಲರಾಡೊ ಪ್ರೈಮರಿ ಚುನಾವಣೆಗೆ ಒಂದು ದಿನ ಮೊದಲು, ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ರಾಷ್ಟ್ರಮಟ್ಟದ ಹುದ್ದೆಗೆ ಈ ಸೆಕ್ಷನ್ ಅನ್ವಯಿಸುವ ಅಧಿಕಾರ ರಾಜ್ಯಗಳಿಗಿಲ್ಲ ಎಂಬುದರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಲ್ಲಿದ್ದರು. ಐವರು ಇನ್ನೂ ಮುಂದೆ ಹೋಗಿ, ಕಾಂಗ್ರೆಸ್ ಅದಕ್ಕೆಂದೇ ಕಾನೂನು ಮಾಡಬೇಕು ಎಂದರು. ಟ್ರಂಪ್ ದಂಗೆಯಲ್ಲಿ ಭಾಗಿಯಾಗಿದ್ದರೇ ಎಂಬ ಮೂಲ ಪ್ರಶ್ನೆಯನ್ನು ಕೋರ್ಟ್ ಮುಟ್ಟಲಿಲ್ಲ. ಮತದಾರರಿಗೆ ತಿಳಿಯಬೇಕಾಗಿದ್ದದ್ದೇ ಅದು.

ಭಾರತದ ದಾರಿ

ನಮ್ಮಲ್ಲಿ ಅಪರಾಧದ ಕಾರಣಕ್ಕೆ ಅನರ್ಹತೆ ಬರುವುದು ಕೋರ್ಟಿನಲ್ಲಿ ಅದು ಸಾಬೀತಾದ ಮೇಲೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕ್ರಮ ಅದು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಸಂಚಿನ ಆರೋಪ ಹೊತ್ತು ಜೈಲಿನಲ್ಲಿದ್ದರು. 1977ರಲ್ಲಿ ಅಲ್ಲಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಸ್ಪರ್ಧಿಸಿ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆರೋಪವೊಂದೇ ಸಾಕೆಂಬ ನಿಯಮವಿದ್ದಿದ್ದರೆ ಆ ಮತಪತ್ರದಲ್ಲಿ ಅವರ ಹೆಸರು ಇರುತ್ತಿರಲಿಲ್ಲ.