ಬೆಲ್‌ಗ್ರೇಡಿನ ಬಾಗಿಲು ಮುಚ್ಚಿದ್ದು ಯಾರು?

2023ರ ಜನವರಿ 1. ಎಲ್ಲರೂ ಹೊಸ ವರ್ಷದ ಗುಂಗಿನಲ್ಲಿದ್ದಾಗ ಯುರೋಪಿನ ಒಂದು ಪುಟ್ಟ ದೇಶ ಭಾರತೀಯರಿಗೆ ತೆರೆದಿಟ್ಟಿದ್ದ ಬಾಗಿಲನ್ನು ಮುಚ್ಚಿತು. ಆ ದೇಶ ಸರ್ಬಿಯಾ. ನಮ್ಮ ಟಿವಿಗಳಿಗೆ ಅದು ಪರದೆಯ ಕೆಳಗೆ ಓಡುವ ಒಂದು ಸಾಲು, ಅಷ್ಟೇ. ಆದರೆ ಆ ಒಂದು ಸಾಲಿನ ಹಿಂದೆ ಅರವತ್ತು ವರ್ಷದ ಕಥೆ ಇದೆ ಸ್ವಾಮಿ.

ಮೊದಲು ಇದ್ದದ್ದೇನು ನೋಡಿ. 2017ರ ಸೆಪ್ಟೆಂಬರ್‌ನಿಂದ ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇದ್ದವರು ವೀಸಾ ಇಲ್ಲದೆ ಸರ್ಬಿಯಾಕ್ಕೆ ಹೋಗಿ 30 ದಿನ ಇದ್ದು ಬರಬಹುದಿತ್ತು. ವೀಸಾ ಬೇಡ ಅಂದ ಮಾತ್ರಕ್ಕೆ ಹೇಳೋರು ಕೇಳೋರು ಇಲ್ಲ ಅಂತಲ್ಲ. ವಾಪಸ್ ಟಿಕೆಟ್ ಎಲ್ಲಿ, ಉಳಿಯೋದು ಎಲ್ಲಿ, ಖರ್ಚಿಗೆ ದುಡ್ಡಿದೆಯಾ ಅಂತ ವಿಮಾನ ನಿಲ್ದಾಣದ ಅಧಿಕಾರಿ ಕೇಳಬಹುದು. ಸಮಾಧಾನ ಆಗದಿದ್ದರೆ ಅಲ್ಲಿಂದಲೇ ವಾಪಸ್ ಕಳಿಸಬಹುದು. ಒಳಗೆ ಹೋದ ಮೇಲೂ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ನೋಂದಣಿ ಆಗಬೇಕು. ಹೋಟೆಲ್ ಆದರೆ ಅವರೇ ಮಾಡ್ತಾರೆ. ಸ್ನೇಹಿತರ ಮನೆಯಾದರೆ ಮನೆಯವರನ್ನು ಕರೆದುಕೊಂಡು ಠಾಣೆಗೆ ಹೋಗಬೇಕು.

ಇಷ್ಟಕ್ಕೂ ಸರ್ಬಿಯಾಕ್ಕೆ ನಮ್ಮ ಮೇಲೆ ಯಾಕೆ ಅಷ್ಟು ಪ್ರೀತಿ? ಅದಕ್ಕೆ 1961ಕ್ಕೆ ಹೋಗಬೇಕು. ಆಗ ಸರ್ಬಿಯಾ ಯುಗೊಸ್ಲಾವಿಯಾದ ಭಾಗ, ಬೆಲ್‌ಗ್ರೇಡ್ ಅದರ ರಾಜಧಾನಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ನಡೆದದ್ದು ಅಲ್ಲೇ. ಟಿಟೊ, ನೆಹರೂ, ನಾಸೆರ್, ಸುಕಾರ್ನೊ, ಎನ್‌ಕ್ರುಮಾ ಒಂದೇ ಕಡೆ ಸೇರಿದ್ದರು. ಅಮೆರಿಕಾದ ಬಾಲವೂ ಆಗಲ್ಲ, ರಷ್ಯಾದ ನೆರಳೂ ಆಗಲ್ಲ ಅಂತ ಹೊರಟವರು ಅವರು.

ಆ ನೀತಿಯ ಫಲ ಯುಗೊಸ್ಲಾವಿಯಾದ ಪ್ರಜೆಯ ಜೇಬಿನಲ್ಲಿತ್ತು. ಪೂರ್ವ ಜರ್ಮನಿಯವರು ಬರ್ಲಿನ್ ಗೋಡೆ ಹಾರಲು ಹೋಗಿ ಗುಂಡೇಟು ತಿನ್ನುತ್ತಿದ್ದ ಕಾಲದಲ್ಲಿ, ಯುಗೊಸ್ಲಾವಿಯಾದವರು ತಮ್ಮ ಕೆಂಪು ಪಾಸ್‌ಪೋರ್ಟ್ ಹಿಡಿದು ಪೂರ್ವಕ್ಕೂ ಹೋಗ್ತಿದ್ದರು, ಪಶ್ಚಿಮಕ್ಕೂ ಹೋಗ್ತಿದ್ದರು. 1968ರಲ್ಲಿ ಪಶ್ಚಿಮ ಜರ್ಮನಿ ಅವರ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ಕಮ್ಯುನಿಸ್ಟ್ ದೇಶದ ಜನಕ್ಕೆ ಅಂಥ ಸ್ವಾತಂತ್ರ್ಯ!

ಮುಂದೆ ಏನಾಯ್ತು? 1991ರಲ್ಲಿ ದೇಶ ಒಡೆಯಿತು. ಅಣ್ಣತಮ್ಮಂದಿರಂತೆ ಇದ್ದವರು ರಕ್ತ ಹರಿಸಿದರು. 1992ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ನಿರ್ಬಂಧ ಹೇರಿತು. ವಿಮಾನಗಳೂ ನಿಂತವು. ಎಲ್ಲಿ ಬೇಕಾದರೂ ಹೋಗ್ತಿದ್ದ ಜನ ರಾಯಭಾರ ಕಚೇರಿಗಳ ಮುಂದೆ ಕಾಗದದ ಕಟ್ಟು ಹಿಡಿದು ಕ್ಯೂ ನಿಲ್ಲಬೇಕಾಯ್ತು. ಅಪ್ಪ ಆರಾಮಾಗಿ ಹೋಗಿಬಂದ ಊರಿಗೆ ಮಗ ಅಂಗಲಾಚಿ ಹೋಗಬೇಕಾಯ್ತು. ಆ ಅವಮಾನ ಮುಗಿದದ್ದು 2009ರ ಡಿಸೆಂಬರ್ 19ಕ್ಕೆ. ಅಂದಿನಿಂದ ಸರ್ಬಿಯಾದ ಪ್ರಜೆಗಳು ವೀಸಾ ಇಲ್ಲದೆ ಷೆಂಗೆನ್ ದೇಶಗಳಿಗೆ ಹೋಗಿ ಆರು ತಿಂಗಳಲ್ಲಿ 90 ದಿನ ಇರಬಹುದು ಅಂತ ಆಯ್ತು.

ಇಲ್ಲೇ ಕಥೆಯ ಗಂಟು ಇರೋದು. ಯುರೋಪಿಯನ್ ಒಕ್ಕೂಟ ಆ ಸವಲತ್ತನ್ನು ಶಾಶ್ವತವಾಗಿ ಕೊಟ್ಟಿಲ್ಲ. ಬೇಕೆಂದಾಗ ತಡೆಹಿಡಿಯುವ ಅಧಿಕಾರ ಅದರ ಕೈಯಲ್ಲೇ ಇದೆ. 2022ರಲ್ಲಿ ಪಶ್ಚಿಮ ಬಾಲ್ಕನ್ ದಾರಿಯಲ್ಲಿ ಕಳ್ಳತನದಿಂದ ಯುರೋಪ್ ಸೇರುವವರು ವಿಪರೀತ ಹೆಚ್ಚಾದರು. ಬೆಲ್‌ಗ್ರೇಡಿಗೆ ವೀಸಾ ಇಲ್ಲದೆ ಇಳಿದು, ಅಲ್ಲಿಂದ ಗಡಿ ದಾಟಿ ಆಸ್ಟ್ರಿಯಾದಲ್ಲಿ ಆಶ್ರಯ ಕೇಳಿದವರಲ್ಲಿ ಭಾರತೀಯರೂ ಸಾವಿರಾರು ಮಂದಿ ಇದ್ದರು. ಒಕ್ಕೂಟ ಗದರಿತು: ನಮ್ಮ ವೀಸಾ ನೀತಿಗೆ ನಿಮ್ಮದನ್ನು ಹೊಂದಿಸಿಕೊಳ್ಳಿ. 2012ರಿಂದ ಒಕ್ಕೂಟದ ಸದಸ್ಯತ್ವಕ್ಕೆ ಬಾಗಿಲಲ್ಲಿ ಕಾಯುತ್ತಿರುವ ದೇಶ ಏನು ಮಾಡೀತು? ಮೊದಲು ಟ್ಯುನಿಷಿಯಾ, ಬುರುಂಡಿಗಳಿಗೆ ಕೊಟ್ಟಿದ್ದ ಸವಲತ್ತು ಹೋಯ್ತು. ಆಮೇಲೆ ನಮ್ಮ ಸರದಿ.

ಗಮನಿಸಿ, ಕೊಸೊವೊ 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಅಮೆರಿಕಾ, ಬ್ರಿಟನ್, ಫ್ರಾನ್ಸ್ ಎಲ್ಲ ಒಪ್ಪಿಕೊಂಡವು. ಭಾರತ ಒಪ್ಪಿಕೊಳ್ಳಲಿಲ್ಲ. ಸರ್ಬಿಯಾಕ್ಕೆ ಅದು ಮರೆಯಲಾಗದ ಉಪಕಾರ. ಆದರೂ ಹೊಟ್ಟೆಪಾಡಿನ ಮುಂದೆ ಹಳೆಯ ಸ್ನೇಹ ನಿಲ್ಲಲಿಲ್ಲ. ಹಾಗಂತ ಸರ್ಬಿಯಾವನ್ನು ಬೈದು ಸುಮ್ಮನಾಗೋಕೂ ಆಗಲ್ಲ. ತನ್ನ ಮಕ್ಕಳು ಮತ್ತೆ ಆ ಕ್ಯೂನಲ್ಲಿ ನಿಲ್ಲಬಾರದು ಅಂತ ಅದು ನಮ್ಮ ಮಕ್ಕಳನ್ನು ಕ್ಯೂನಲ್ಲಿ ನಿಲ್ಲಿಸಿತು. ಲಕ್ಷಗಟ್ಟಲೆ ಹಣ ಕಿತ್ತು ಹುಡುಗರನ್ನು ಕಾಡುದಾರಿಗೆ ತಳ್ಳಿದ ನಮ್ಮ ಏಜೆಂಟರ ಪಾಲು ಇದರಲ್ಲಿ ಇಲ್ವಾ? ಅವರ ಪಾಪದ ಸಾಲವನ್ನು ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿದ್ದ ಪ್ರವಾಸಿ ತೀರಿಸಬೇಕಾಯ್ತು.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಬಾಗಿಲು ಮುಚ್ಚುವಾಗ ಸರ್ಬಿಯಾ ಒಂದು ಕಿಂಡಿ ಬಿಟ್ಟಿತು. ಷೆಂಗೆನ್, ಬ್ರಿಟನ್ ಅಥವಾ ಅಮೆರಿಕಾದ ವೀಸಾ ಚಾಲ್ತಿಯಲ್ಲಿರುವ ಭಾರತೀಯರು ಬೇರೆ ವೀಸಾ ಇಲ್ಲದೆ ಹೋಗಬಹುದು, 180 ದಿನದಲ್ಲಿ 90 ದಿನ ಇರಬಹುದು. ಅಂದರೆ ಮೊದಲು 30 ದಿನದ ನಂಬಿಕೆ ನಮ್ಮ ಪಾಸ್‌ಪೋರ್ಟಿನ ಮೇಲಿತ್ತು. ಈಗ 90 ದಿನದ ನಂಬಿಕೆ ಅದರೊಳಗೆ ಬೇರೆಯವರು ಅಂಟಿಸಿದ ಚೀಟಿಯ ಮೇಲಿದೆ. ಬೆಲ್‌ಗ್ರೇಡಿನಲ್ಲಿ ನೆಹರೂ, ಟಿಟೊ ಕೂತು ಯಾರ ಬಾಲವೂ ಆಗಲ್ಲ ಅಂದಿದ್ದರಲ್ಲ, ಅದೇ ಊರಿಗೆ ಹೋಗಲು ಇವತ್ತು ನಮಗೆ ಮೂರನೆಯವರ ಶಿಫಾರಸು ಬೇಕು. ಎಷ್ಟು ದೇಶಕ್ಕೆ ವೀಸಾ ಇಲ್ಲದೆ ಹೋಗಬಹುದು ಅಂತ ಪಟ್ಟಿ ಬಂದಾಗಲೆಲ್ಲ ನಾವು ಸಂಖ್ಯೆ ಎಣಿಸ್ತೀವಿ. ಸಿಕ್ಕಿದ್ದೊಂದು ಬಾಗಿಲು ಯಾಕೆ ಮುಚ್ಚಿತು ಅಂತ ಯಾವತ್ತಾದರೂ ಕೇಳಿದ್ದೀವಾ?