ನಾಡದೋಣಿಯ ಮೋಟಾರು ಮತ್ತು ಸೀಮೆಎಣ್ಣೆಯ ದರ

ನಾಡದೋಣಿಯ ಹಿಂಬದಿಗೆ ಕಟ್ಟಿದ ಔಟ್‌ಬೋರ್ಡ್ ಮೋಟಾರು ಬೆಳಗಿನ ಜಾವ ಹಗ್ಗ ಎಳೆದಷ್ಟೂ ಮೊಂಡುಬಿದ್ದರೆ ತಪ್ಪು ಮೊದಲು ಬೀಳುವುದು ಮೀನುಗಾರನ ತಲೆಗೆ. ಪ್ಲಗ್ ಬಿಚ್ಚಿ ಒರೆಸಿಲ್ಲ, ಉಪ್ಪುನೀರು ಹೋಗುವಂತೆ ಸಿಹಿನೀರಿನಲ್ಲಿ ಓಡಿಸಿಲ್ಲ, ಟು-ಸ್ಟ್ರೋಕ್ ಆಯಿಲನ್ನು ಅಂದಾಜಿನಲ್ಲಿ ಸುರಿದಿದ್ದಾನೆ ಎಂದು ಮೆಕ್ಯಾನಿಕ್ಕಿನಿಂದ ಹಿಡಿದು ಅಧಿಕಾರಿಯವರೆಗೆ ಎಲ್ಲರೂ ಹೇಳುತ್ತಾರೆ. ಈ ಮಾತುಗಳು ಸುಳ್ಳಲ್ಲ, ಆದರೆ ಅರ್ಧ ಮಾತುಗಳು. ಮಲ್ಪೆಯಿಂದ ಗಂಗೊಳ್ಳಿ, ಉಪ್ಪುಂದದ ಆಚೆಯವರೆಗೂ ದಶಕಗಳ ಕಾಲ ಈ ಮೋಟಾರುಗಳು ಓಡಿದ್ದು ಸೀಮೆಎಣ್ಣೆಯಲ್ಲಿ. ಆ ಎಣ್ಣೆ ಟ್ಯಾಂಕಿಗೆ ಬಂದದ್ದು ಇಂಜಿನ್ನಿಗೆ ಒಗ್ಗುತ್ತದೆಂದಲ್ಲ, ಸರ್ಕಾರ ಅದರ ದರವನ್ನು ಕೆಳಗಿಟ್ಟಿತ್ತೆಂದು. ಮೋಟಾರಿನ ಮೊಂಡುತನದ ಬೇರನ್ನು ಹುಡುಕಬೇಕಾದದ್ದು ದೋಣಿಯವನ ಅಸಡ್ಡೆಯಲ್ಲಲ್ಲ, ಆ ದರದಲ್ಲಿ ಎಂಬುದು ನನ್ನ ವಾದ.

ಔಟ್‌ಬೋರ್ಡ್ ಮೋಟಾರು ಹುಟ್ಟಿದಾಗಿನಿಂದಲೂ ಹಟಮಾರಿಯೇ ಅಲ್ಲವೇ, ಸೀಮೆಎಣ್ಣೆಯನ್ನೇಕೆ ದೂರಬೇಕು ಎಂದು ಕೇಳಬಹುದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಒಂದೂವರೆ ಅಶ್ವಶಕ್ತಿಯ ಮೋಟಾರನ್ನು ಫ್ಲೈವೀಲಿನ ಮೇಲಿದ್ದ ಗುಬಟು ಹಿಡಿದು ಕೈಯಲ್ಲೇ ತಿರುಗಿಸಬೇಕಿತ್ತು. ಇಂಜಿನ್ ಹಿಮ್ಮುಖವಾಗಿ ಒದ್ದರೆ ಬೆರಳಿನ ಗೆಣ್ಣಿಗೆ ಪೆಟ್ಟು. ಆ ಕಾಲದ ತೊಂದರೆಯ ಬಹುಪಾಲು ಕಿಡಿಯದು. ತೇವ ಹಿಡಿಯುವ ಮ್ಯಾಗ್ನೆಟೊ, ಸವೆಯುವ ಪಾಯಿಂಟುಗಳು. ತಾನಾಗಿ ಸುತ್ತಿಕೊಳ್ಳುವ ಹಗ್ಗದ ಸ್ಟಾರ್ಟರ್ ಬಂತು, ಮುಂದೆ ಪಾಯಿಂಟುಗಳೇ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಕಿಡಿಯ ಕಾಟ ಬಹಳಮಟ್ಟಿಗೆ ತೀರಿತು. ಸುಸ್ಥಿತಿಯಲ್ಲಿರುವ ಪೆಟ್ರೋಲ್ ಮೋಟಾರು ಇವತ್ತು ಎರಡು ಮೂರು ಎಳೆತಕ್ಕೆ ಎದ್ದು ನಿಲ್ಲುತ್ತದೆ. ನಮ್ಮ ಕಡಲಿಗೆ ಬಂದ ಜಪಾನಿನ ಮೋಟಾರುಗಳಿಗೂ ಈ ಸುಧಾರಣೆಗಳ ಲಾಭ ಸಿಕ್ಕಿತ್ತು. ಆದ್ದರಿಂದ ಇಲ್ಲಿ ಉಳಿದುಕೊಂಡ ತೊಂದರೆಯನ್ನು ಹಳೆಯ ತಂತ್ರಜ್ಞಾನದ ಖಾತೆಗೆ ಬರೆಯುವಂತಿಲ್ಲ.

ಉಳಿದದ್ದು ಇಂಧನ. ಇಂಜಿನ್ನಿನೊಳಗೆ ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಬಲ್ಲಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ ಹಾಗೆ ಹೊತ್ತುವ ಉಷ್ಣತೆ ಕನಿಷ್ಠ 35 ಡಿಗ್ರಿ ಇರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಮನೆಯ ದೀಪ, ಸ್ಟೌಗಳ ಸುರಕ್ಷತೆಗೆ ಅದು ಬೇಕಾದ ಗುಣ. ತಣ್ಣಗಿನ ಮೋಟಾರಿಗೆ ಅದೇ ಗುಣ ಶಾಪ. ಹೀಗಾಗಿ ದೋಣಿಯಲ್ಲಿ ಎರಡು ಇಂಧನ: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಮೋಟಾರು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬ್ಯುರೇಟರಿನಲ್ಲಿರುವ ಸೀಮೆಎಣ್ಣೆಯನ್ನು ಉರಿಸಿ ಮುಗಿಸಬೇಕು. ಮೀನು ತುಂಬಿದ ದೋಣಿ ಅಲೆ ಸೀಳಿಕೊಂಡು ದಡಕ್ಕೆ ನುಗ್ಗುವ ಗಡಿಬಿಡಿಯಲ್ಲಿ ಈ ಕೊನೆಯ ಕೆಲಸ ತಪ್ಪಿತೆಂದರೆ ಮರುದಿನದ ಕಷ್ಟ ಅಲ್ಲೇ ಶುರುವಾಯಿತು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಸೀಮೆಎಣ್ಣೆಯೇ ನಿಂತಿರುತ್ತದೆ. ಹಗ್ಗ ಎಳೆದಷ್ಟೂ ಅದು ಒಳಹೋಗಿ ಪ್ಲಗ್ಗನ್ನು ಒದ್ದೆ ಮಾಡುತ್ತದೆ, ಚೋಕ್ ಎಳೆದರೆ ಇನ್ನಷ್ಟು. ಪೂರ್ತಿ ಉರಿಯದ ಎಣ್ಣೆಯ ಮಸಿ ಪ್ಲಗ್ಗಿನ ತುದಿಗೆ ಕಟ್ಟಿಕೊಂಡು ಕಿಡಿಯನ್ನೇ ಕದಿಯುತ್ತದೆ. ಸಾಲದ್ದಕ್ಕೆ, ಸೀಮೆಎಣ್ಣೆಯಲ್ಲಿ ಇಂಜಿನ್ ಬಡಿಯದಿರಲೆಂದು ಇಂಥ ಮೋಟಾರುಗಳ ಕಂಪ್ರೆಷನ್ ಅನ್ನು ತಯಾರಕರೇ ತಗ್ಗಿಸಿರುತ್ತಾರೆ, ಹಾಗಾಗಿ ತಣ್ಣಗಿನ ಮೋಟಾರು ಏಳುವುದು ಇನ್ನಷ್ಟು ಕಷ್ಟ. ಪ್ಲಗ್ ಒರೆಸಿ ಮಸಿ ತೆಗೆಯಬಹುದು, ಮಸಿಯ ಮೂಲವನ್ನು ತೆಗೆಯಲಾಗದು.

ಇದಕ್ಕೆ ಮಳೆಗಾಲವನ್ನೂ ಸೇರಿಸಿ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. 10 ಅಶ್ವಶಕ್ತಿವರೆಗಿನ ಮೋಟಾರಿನ ಸಾಂಪ್ರದಾಯಿಕ ದೋಣಿಗಳಿಗೆ ಮಾತ್ರ ಅನುಮತಿ. ನಾಡದೋಣಿಯವರ ವರ್ಷದ ಅನ್ನ ಬಹುಪಾಲು ಇರುವುದು ಆ ಎರಡು ತಿಂಗಳಲ್ಲೇ. ಗಾಳಿ ಬೇಸಿಗೆಗಿಂತ ತಂಪಾಗಿ, ತೇವ ತುಂಬಿ, ಸೀಮೆಎಣ್ಣೆಗೆ ಆವಿಯಾಗುವುದು ಕಷ್ಟವಾಗುವ ತಿಂಗಳುಗಳೂ ಅವೇ. ದಡದಲ್ಲಿ ಏಳದ ಮೋಟಾರು ಬೇಸರ ತರುತ್ತದೆ ಅಷ್ಟೆ. ಅಳಿವೆಯ ಬಾಯಲ್ಲಿ, ತೆರೆ ಒಡೆಯುವ ಜಾಗದಲ್ಲಿ ನಿಂತು ಮತ್ತೆ ಏಳದ ಮೋಟಾರು ದೋಣಿಯನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಇಂಧನದ ಮಾತು ಇಲ್ಲಿ ಜೀವದ ಮಾತಾಗುತ್ತದೆ.

ಹಾಗಿದ್ದರೆ ಈ ಎಣ್ಣೆಯನ್ನು ಒಪ್ಪಿಕೊಂಡದ್ದಾದರೂ ಏಕೆ? ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ಬೂತಾಯಿಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿದವು. ದಡದಲ್ಲಿ ನಿಂತು ಹತ್ತಾರು ಜನ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಬರಿದಾಯಿತು. ರಂಪಣಿ ಬಿಟ್ಟವರು ಮೀನಿನ ಹಿಂದೆ ತಾವೇ ಹೋಗಬೇಕಾಯಿತು, ಹುಟ್ಟು ಹಾಕಿ ಅಷ್ಟು ದೂರ ಹೋಗುವುದು ಆಗದ ಮಾತು. ಎಂಬತ್ತರ ದಶಕದಲ್ಲಿ ಕೇರಳದಲ್ಲೂ ನಮ್ಮಲ್ಲೂ ಔಟ್‌ಬೋರ್ಡ್ ಹಬ್ಬಿದ್ದು ಈ ಒತ್ತಡದಲ್ಲಿ. ಸರ್ಕಾರ ಮೋಟಾರಿಗೆ ಸಹಾಯಧನ ಕೊಟ್ಟಿತು. ಇಂಧನವಾಗಿ ಬಡವರ ದೀಪದ ಎಣ್ಣೆಯೆಂದು ದರ ತಗ್ಗಿಸಿಟ್ಟಿದ್ದ ಸೀಮೆಎಣ್ಣೆ ಒದಗಿತು. ಪೆಟ್ರೋಲಿನ ಮೇಲೆ ತೆರಿಗೆ, ಸೀಮೆಎಣ್ಣೆಗೆ ಸಬ್ಸಿಡಿ; ಎರಡರ ನಡುವಿನ ಅಂತರವೇ ಮೀನುಗಾರನ ಲಾಭವಾಯಿತು.

ಇದು ನಮ್ಮ ಕರಾವಳಿಯ ವಿಶೇಷವೇನಲ್ಲ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ರೈತರು ಟಿವಿಒ ಎಂಬ, ಸೀಮೆಎಣ್ಣೆಯಂಥದೇ ಇಂಧನದಲ್ಲಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಅಲ್ಲೂ ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಅಗ್ಗದ ಎಣ್ಣೆ; ಅಲ್ಲೂ ಒದ್ದೆ ಪ್ಲಗ್ಗು, ಮಸಿ, ಚಳಿಯ ಮುಂಜಾನೆಯ ಪರದಾಟ. ಆ ರೈತರನ್ನು ಅಸಡ್ಡೆಯವರೆಂದು ಯಾರೂ ಇತಿಹಾಸದಲ್ಲಿ ಬರೆದಿಲ್ಲ. ಡೀಸೆಲ್ ಟ್ರ್ಯಾಕ್ಟರು ಕೈಗೆಟುಕಿದ ಮೇಲೆ ಟಿವಿಒ ಮರೆಯಾಯಿತು, ಜೊತೆಗೆ ಆ ಪರದಾಟವೂ. ಬದಲಾದದ್ದು ರೈತನ ಶಿಸ್ತಲ್ಲ, ಇಂಧನ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಗ್ಗದ ಸೀಮೆಎಣ್ಣೆ ಇಲ್ಲದಿದ್ದರೆ ಬಡ ಮೀನುಗಾರನಿಗೆ ಮೋಟಾರೇ ದಕ್ಕುತ್ತಿರಲಿಲ್ಲ, ಏಳಲು ಸತಾಯಿಸಿದರೂ ಅದು ಅವನನ್ನು ಕಡಲಿನಲ್ಲಿ ಉಳಿಸಿತು ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊಗವೀರ, ಖಾರ್ವಿ ಕೇರಿಗಳ ಎಷ್ಟೋ ಮನೆಗಳು ಆ ಎಣ್ಣೆಯ ಬಲದಿಂದ ನಿಂತವು. ಆದರೆ ಸಹಾಯವನ್ನು ಮೀನುಗಾರನಿಗೆ ಕೊಡದೆ ಒಂದು ಎಣ್ಣೆಗೆ ಕಟ್ಟಿಹಾಕಿದ್ದರಿಂದ ಅವನು ಆ ಎಣ್ಣೆಗೇ ಕಟ್ಟುಬಿದ್ದ. ಅದೇ ಹಣ ಇಂಧನ ಯಾವುದೇ ಇರಲಿ ದೋಣಿಗೆಂದು ಸಂದಿದ್ದರೆ, ಹಗುರವಾದ ಪೆಟ್ರೋಲ್ ಮೋಟಾರೋ ಸಣ್ಣ ಡೀಸೆಲ್ಲೋ ಯಾವುದು ಬೇಕೆಂದು ಅವನೇ ಆರಿಸಿಕೊಳ್ಳಬಹುದಿತ್ತು.

2016ರಿಂದ ಕೇಂದ್ರವು ಪಡಿತರ ಸೀಮೆಎಣ್ಣೆಯ ಬೆಲೆಯನ್ನು ಹಂತಹಂತವಾಗಿ ಏರಿಸುತ್ತ ಹೋಯಿತು, 2020ರ ಹೊತ್ತಿಗೆ ಸಬ್ಸಿಡಿ ಮುಗಿಯಿತು. ಅಂತರ ಕರಗಿದ ಮೇಲೆ ಮೀನುಗಾರನ ಕೈಯಲ್ಲಿ ಉಳಿದದ್ದು ತಗ್ಗಿದ ಕಂಪ್ರೆಷನ್ನಿನ ಮೋಟಾರು ಮತ್ತು ಸಕಾಲಕ್ಕೆ ಸಿಗದ ಎಣ್ಣೆ. 2023ರ ರಾಜ್ಯ ಬಜೆಟ್ಟು ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ಲಿಗೆ ಹೋಗುವವರಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ನಲವತ್ತು ವರ್ಷ ತಡವಾಗಿಯಾದರೂ, ಮೊಂಡು ಮೋಟಾರಿಗೆ ಮದ್ದು ಇಂಧನದಲ್ಲಿದೆ ಎಂದು ಸರ್ಕಾರದ ಕಡತದಲ್ಲೇ ಬರೆದಂತಾಯಿತು.