ಸುಂಕಾಧಿಕಾರವೂ ರಾಜ್ಯಸೀಮೆಯೂ

ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗುವ ಸರಕಿನ ಸುಂಕವು ಯಾರಿಗೆ ಸಲ್ಲತಕ್ಕುದೆಂಬ ಪ್ರಶ್ನೆಯು ನೂತನವಲ್ಲ. ಪಣ್ಯಗಳನ್ನು ಅವು ಹುಟ್ಟಿದ ಸ್ಥಳದಲ್ಲಿಯೇ ಮಾರಕೂಡದೆಂದು ವಿಧಿಸಿದ ಕೌಟಿಲ್ಯನು ಅವುಗಳನ್ನು ನಗರದ್ವಾರದ ಶುಲ್ಕಶಾಲೆಗೆ ಬರಮಾಡಿದನು. ಅವನಿಗೆ ಸುಂಕದ ಸ್ಥಾನವು ಕಣ್ಣಿಗೆ ಕಾಣುವ ಬಾಗಿಲು. ವಿಕ್ರಯವನ್ನೇ ತೆರಿಗೆಗೆ ನಿಮಿತ್ತವಾಗಿಸಿದ ಆಧುನಿಕ ಕಾಯಿದೆಗಳಲ್ಲಿ ಆ ಬಾಗಿಲು ಕಾಣದಾಯಿತು. ಒಂದೂರಿನಲ್ಲಿ ಮಾತು, ಇನ್ನೊಂದೂರಿನಲ್ಲಿ ಹಣ, ಮತ್ತೊಂದೂರಿನಲ್ಲಿ ಸರಕು, ಮಾರಾಟವು ನಡೆದುದೆಲ್ಲಿ?

ಪುತ್ತೂರು ಸೀಮೆಗೆ ಇದು ಬರಿಯ ತರ್ಕವಾಗಿರಲಿಲ್ಲ. 1956ರ ಅಕ್ಟೋಬರ್ ಮುಗಿಯುವ ವರೆಗೆ ಪುತ್ತೂರೂ ಕಾಸರಗೋಡೂ ಮದರಾಸು ರಾಜ್ಯದ ಒಂದೇ ಜಿಲ್ಲೆಯೊಳಗಿದ್ದುವು. ಪೆರ್ಲದ ಅಡಕೆಯು ಪುತ್ತೂರ ಪೇಟೆಗೆ ಬಂದರೆ ಅದು ಮನೆಯೊಳಗಣ ವ್ಯವಹಾರ. ಆದರೆ ಸುಳ್ಯದಿಂದ ಸಂಪಾಜೆಯನ್ನು ದಾಟಿದರೆ ಕೊಡಗೆಂಬ ಬೇರೆ ರಾಜ್ಯ. ಈಗ ಕಡಬ ತಾಲೂಕಿಗೆ ಸೇರಿರುವ ಶಿರಾಡಿಯಿಂದ ಘಟ್ಟವನ್ನೇರಿದರೆ ಮೈಸೂರು. ನವೆಂಬರ್ 1ರಂದು ಘಟ್ಟದ ಕಡೆಯ ಈ ಎರಡು ಗಡಿಗಳೂ ಅಳಿದು ತೆಂಕಲಲ್ಲಿ ಹೊಸದೊಂದು ಹುಟ್ಟಿತು. ಅದೇ ಅಡಕೆ, ಅದೇ ಸಾಹುಕಾರ. ವ್ಯವಹಾರವು ಮಾತ್ರ ಅಂತರರಾಜ್ಯವಾಯಿತು.

ಅಷ್ಟರೊಳಗೆ ದಿಲ್ಲಿಯಲ್ಲಿ ದೊಡ್ಡ ವಾದವೊಂದು ಮುಗಿದಿತ್ತು. 1953ರಲ್ಲಿ ಯುನೈಟೆಡ್ ಮೋಟರ್ಸ್ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಕು ಉಪಭೋಗಕ್ಕಾಗಿ ತಲುಪುವ ರಾಜ್ಯಕ್ಕೇ ತೆರಿಗೆಯ ಅಧಿಕಾರವೆಂದಿತು. ಇದರಿಂದ ಒಬ್ಬ ವರ್ತಕನು ತಾನು ಕಾಣದ ರಾಜ್ಯಗಳ ಅಧಿಕಾರಿಗಳಿಗೂ ಲೆಕ್ಕವೊಪ್ಪಿಸಬೇಕಾಯಿತು. ಕಲಕತ್ತೆಯ ಬೆಂಗಾಲ್ ಇಮ್ಯೂನಿಟಿ ಕಂಪೆನಿಯು ಬಿಹಾರದ ಇಂತಹ ಬೇಡಿಕೆಯನ್ನು ಪ್ರತಿಭಟಿಸಿತು. 1955ರ ಸೆಪ್ಟೆಂಬರ್ 6ರಂದು ಏಳು ನ್ಯಾಯಾಧೀಶರಲ್ಲಿ ನಾಲ್ವರು ಹಿಂದಣ ತೀರ್ಪನ್ನು ನಿರಾಕರಿಸಿ, ಪಾರ್ಲಿಮೆಂಟು ಸಮ್ಮತಿಸದೆ ಅಂತರರಾಜ್ಯ ವಿಕ್ರಯಕ್ಕೆ ಯಾವ ರಾಜ್ಯವೂ ತೆರಿಗೆ ಹಾಕಲಾಗದೆಂದರು. ನ್ಯಾಯಾಲಯವು ಇಷ್ಟು ಬೇಗನೆ ತನ್ನ ಮಾತನ್ನು ತಾನೇ ತಿದ್ದಿಕೊಂಡುದು ದೋಷವೆಂದು ನಮಗೆ ತೋರದು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತಕ್ಕೆ ಬರಲಾಗದೆಂಬುದು ಮೀಮಾಂಸೆಯ ಮೊದಲ ಪಾಠವಷ್ಟೆ.

1956ರಲ್ಲಿ ಸಂವಿಧಾನದ ಆರನೆಯ ತಿದ್ದುಪಡಿಯೂ ಕೇಂದ್ರ ಮಾರಾಟ ತೆರಿಗೆಯ ಕಾಯಿದೆಯೂ ಬಂದುವು: ಹೆಸರು ಕೇಂದ್ರದ್ದು, ಆದಾಯವು ಸರಕು ಹೊರಟ ರಾಜ್ಯದ್ದು. ಪುತ್ತೂರಿನ ತೆಂಕಣ ಗಡಿಯೂ ಅದನ್ನಾಳಿದ ಸುಂಕನ್ಯಾಯವೂ ಒಂದೇ ವರ್ಷದ ಶಿಶುಗಳು. 1973ರಲ್ಲಿ ಕರ್ಣಾಟಕ ಕೇರಳಗಳೆರಡರ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊದಂತಹ ಸಂಸ್ಥೆಗೆ ಆ ಕಾಯಿದೆಯ ಇನ್ನೊಂದು ಸೂಕ್ಷ್ಮವು ಮುಖ್ಯವಾಗಿತ್ತು: ತನ್ನ ಸರಕನ್ನು ತನ್ನದೇ ಶಾಖೆಗೆ ಸಾಗಿಸುವುದು ವಿಕ್ರಯವಾಗಿರಲಿಲ್ಲ, ಆದರೆ ಹಾಗೆಂದು ಸಾಧಿಸುವ ಭಾರವು ಸಾಗಿಸಿದವನದೇ ಆಗಿತ್ತು.

ಪ್ರವೇಶ ತೆರಿಗೆಯ ಕಥೆ ಬೇರೆ. ಕರ್ಣಾಟಕದ 1979ರ ಕಾಯಿದೆಯನ್ನು ಹನ್ಸಾ ಕಾರ್ಪೊರೇಷನ್ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಎತ್ತಿಹಿಡಿಯಿತು. 2016ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಜಿಂದಾಲ್ ವ್ಯಾಜ್ಯದಲ್ಲಿ, ಹೊರಗಣ ಸರಕಿಗೆ ಭೇದವೆಣಿಸದ ತೆರಿಗೆಯು ವಾಣಿಜ್ಯಸ್ವಾತಂತ್ರ್ಯಕ್ಕೆ ಬಾಧಕವಲ್ಲವೆಂದಿತು.

2017ರ ಜುಲೈ 1ರಿಂದ ಸರಕು ಸೇವಾ ತೆರಿಗೆಯು ಬಂದು, ರಾಜ್ಯದ ಪಾಲು ಮತ್ತೆ ಸರಕು ತಲುಪುವ ನಾಡಿಗೆ ಸಂದಿತು. 1955ರಲ್ಲಿ ಸೋತ ಪಕ್ಷವು ಕಾಯಿದೆಯ ಮೂಲಕ ಗೆದ್ದಂತಾಯಿತು. ಪೆರ್ಲದ ವರ್ತಕನು ಪುತ್ತೂರಿನವನಿಗೆ ಮಾರಿದ ಒಣ ಅಡಕೆಯು ಅಲ್ಲಿಂದ ಗುಜರಾತಿಗೆ ಹೋದರೆ, ಆ ಪಾಲು ಕೇರಳಕ್ಕೂ ಇಲ್ಲ, ಕರ್ಣಾಟಕಕ್ಕೂ ಇಲ್ಲ.